ಸೊಂಟದ ಕತ್ತಿ, ಜಾಹೀರಾತಿನ ಚಾಕು

ವಾಮದಪದವಿನಿಂದ ಬಂಟ್ವಾಳದ ಕಡೆಗಾಗಲಿ, ಬೆಳ್ತಂಗಡಿ, ಮೂಡುಬಿದಿರೆಯ ಕಡೆಗಾಗಲಿ ಹೊರಡಿ. ಸೊಂಟದ ಹಿಂದಿನ ಕೊಕ್ಕೆಗೆ ಕತ್ತಿ ಸಿಕ್ಕಿಸಿಕೊಂಡು ತೋಟಕ್ಕೆ ಇಳಿಯುವವರು ದಾರಿಯಲ್ಲಿ ಕಂಡೇ ಕಾಣುತ್ತಾರೆ. ಅಂಥದೇ ಮನೆಯ ಕಾಲೇಜು ಹುಡುಗ ಗಡಾಯಿಕಲ್ಲಿಗೋ ಕುದುರೆಮುಖಕ್ಕೋ ಚಾರಣ ಹೊರಟಾಗ ಮಾತ್ರ ಮೊಬೈಲಿನಲ್ಲಿ ‘ಸರ್ವೈವಲ್ ನೈಫ್’ ಹುಡುಕುತ್ತಾನೆ. ಕಪ್ಪು ಬಣ್ಣದ ಅಲಗು, ಬೆನ್ನ ಮೇಲೆ ಗರಗಸದ ಹಲ್ಲು, ಹಿಡಿಯ ತುದಿಯಲ್ಲಿ ದಿಕ್ಸೂಚಿ. ಕೊಳ್ಳುವುದು ಅವನಿಷ್ಟ. ಆದರೆ ಮಡಚದ ಗಟ್ಟಿ ಚಾಕುವಿನ ಬಗ್ಗೆ ಈಗ ಓಡಾಡುತ್ತಿರುವ ನಂಬಿಕೆಗಳಲ್ಲಿ ಹೆಚ್ಚಿನವನ್ನು ಅಪ್ಪನ ಸೊಂಟದ ಕತ್ತಿಯೇ ಸುಳ್ಳು ಮಾಡುತ್ತದೆ. ಅವುಗಳಲ್ಲಿ ಕೆಲವು ಹುಟ್ಟಿದ್ದು ಬೇರೆ ಬಗೆಯ ಕಾಡಿನಲ್ಲಿ, ಕೆಲವು ಸಿನಿಮಾದಲ್ಲಿ.

“ದಪ್ಪ ಇದ್ದಷ್ಟೂ ಒಳ್ಳೆಯದು”

ದಪ್ಪ ಇದ್ದಷ್ಟೂ ಗಟ್ಟಿ ಎನ್ನುವುದು ನಿಜ. ಅಲಗಿನ ದಪ್ಪ 3 ಮಿಲಿಮೀಟರಿನಿಂದ 6ಕ್ಕೆ ಏರಿದರೆ ಅದನ್ನು ಬಾಗಿಸಲು ಸುಮಾರು 8 ಪಟ್ಟು ಬಲ ಬೇಕು. ಆದರೆ 3 ಮಿಲಿಮೀಟರಿನ ಒಳ್ಳೆಯ ಉಕ್ಕನ್ನು ಕೈಯಲ್ಲಿ ಬಾಗಿಸುವ ಸಂದರ್ಭವೇ ಬರುವುದಿಲ್ಲ. ಹೆಚ್ಚಾದ ದಪ್ಪ ತೂಕವನ್ನು ಇಮ್ಮಡಿಗೊಳಿಸುತ್ತದೆ. ಸೌತೆಕಾಯಿ ಹೆಚ್ಚಲು ಹೋದರೆ ಅದು ಹೋಳಾಗದೆ ಸೀಳುತ್ತದೆ. ಸ್ವೀಡನ್ನಿನ ಮೋರಾ ಊರಿನ ಚಾಕುಗಳನ್ನು ಜಗತ್ತಿನಾದ್ಯಂತ ಕಾಡು ಸುತ್ತುವವರು ಮೆಚ್ಚುತ್ತಾರೆ. ಅವುಗಳಲ್ಲಿ ಹೆಚ್ಚಿನವುಗಳ ಅಲಗು 2ರಿಂದ 3 ಮಿಲಿಮೀಟರಿನೊಳಗೇ ಇರುತ್ತದೆ.

ಹಾಗಾದರೆ ದಪ್ಪದ ಹುಚ್ಚು ಎಲ್ಲಿಂದ ಬಂತು? ಉತ್ತರದ ಚಳಿ ದೇಶಗಳ ಕಾಡಿನಲ್ಲಿ ಬದುಕುಳಿಯುವುದೆಂದರೆ ಮೊದಲಿಗೆ ಬೆಂಕಿ. ಹೊರಗೆ ಒದ್ದೆಯಾದ ಪೈನ್ ಕೊರಡನ್ನು ಸೀಳಿ ಒಳಗಿನ ಒಣ ತಿರುಳು ತೆಗೆಯಬೇಕು. ಅದಕ್ಕಾಗಿ ಚಾಕುವನ್ನು ಕೊರಡಿನ ಮೇಲಿಟ್ಟು ಬೆನ್ನಿಗೆ ಇನ್ನೊಂದು ಕೋಲಿನಿಂದ ಬಡಿಯುತ್ತಾರೆ. ಈ ಕೆಲಸಕ್ಕೆ ಬೆಣೆಯಂಥ ಅಲಗು ಅನುಕೂಲ. ನಮ್ಮ ಗುಡ್ಡೆಯಲ್ಲಿ ಎದುರಾಗುವುದು ಬಿದಿರು, ಬಳ್ಳಿ, ಮುಳ್ಳು, ಹಸಿ ಗೆಲ್ಲು. ಇವಕ್ಕೆ ಬಡಿದು ಸೀಳುವ ಬೆಣೆ ಬೇಡ. ತುದಿಯ ಕಡೆ ತೂಕವಿದ್ದು ಬೀಸಿದಾಗ ತಾನಾಗಿ ಇಳಿಯುವ ಅಲಗು ಬೇಕು. ಕತ್ತಿಯ ಮೂತಿ ಮುಂದಕ್ಕೆ ಬಾಗಿರುವುದು ಅದಕ್ಕೇ. ಬೆನ್ನು ದಪ್ಪ, ಬಾಯಿಯತ್ತ ಬರುತ್ತ ತೆಳು. ಎಷ್ಟು ಮಿಲಿಮೀಟರು ಎನ್ನುವುದಕ್ಕಿಂತ ದಪ್ಪ ಎಲ್ಲಿಂದ ಎಲ್ಲಿಗೆ ಹೇಗೆ ಇಳಿಯುತ್ತದೆ ಎನ್ನುವುದನ್ನು ನೋಡಬೇಕು, ಜಾಹೀರಾತು ಅದನ್ನು ಹೇಳುವುದಿಲ್ಲ.

ಒಂದೇ ದೊಡ್ಡ ಚಾಕು ಎಲ್ಲಕ್ಕೂ ಸಾಕು ಎಂಬ ಮಾತೂ ಇದರ ಜೊತೆಗೇ ಬರುತ್ತದೆ. ಕೆನಡಾದ ಕಾಡುಬದುಕಿನ ಗುರು ಮೋರ್ಸ್ ಕೊಚಾನ್ಸ್ಕಿ ಕಲಿಸುತ್ತಿದ್ದುದು ಅಂಗೈ ಅಗಲದಷ್ಟೇ ಉದ್ದದ ಅಲಗಿನ ಚಾಕುವನ್ನು. ದೊಡ್ಡ ಕಡಿತಕ್ಕೆ ಅವರ ಕೈಯಲ್ಲಿ ಕೊಡಲಿ ಇರುತ್ತಿತ್ತು. ಕೊಡವರಲ್ಲಿ ಬೆನ್ನಿಗೆ ತೊಡಂಗಿನಲ್ಲಿ ಅಗಲದ ಒಡಿಕತ್ತಿ, ಸೊಂಟದ ಮುಂದೆ ಸಣ್ಣ ಪೀಚೆಕತ್ತಿ. ಎರಡು ಕೆಲಸಕ್ಕೆ ಎರಡು ಅಲಗು ಎಂಬ ತಿಳಿವಳಿಕೆ ಹಳೆಯದು.

“ಫುಲ್ ಟ್ಯಾಂಗ್ ಅಲ್ಲದ್ದು ಮುರಿಯುತ್ತದೆ”

ಟ್ಯಾಂಗ್ ಎಂದರೆ ಅಲಗಿನಿಂದ ಮುಂದುವರಿದು ಹಿಡಿಯೊಳಗೆ ತೂರುವ ಬಾಲ. ಅದು ಹಿಡಿಯಷ್ಟೇ ಅಗಲ, ಹಿಡಿಯಷ್ಟೇ ಉದ್ದ ಇದ್ದರೆ ಫುಲ್ ಟ್ಯಾಂಗ್. ಬಲದ ಲೆಕ್ಕದಲ್ಲಿ ಅದೇ ಮೇಲು, ಅನುಮಾನವಿಲ್ಲ. ಉಳಿದವೆಲ್ಲ ಮುರಿಯುತ್ತವೆ ಎನ್ನುವುದು ಮಾತ್ರ ಸುಳ್ಳು. ನಮ್ಮ ಕತ್ತಿಯ ಬಾಲ ಮೊನೆಯಾಗಿ ಮರದ ಹಿಡಿಯೊಳಗೆ ಇಳಿದಿರುತ್ತದೆ, ಬಾಯಿಗೆ ಒಂದು ಕಬ್ಬಿಣದ ಬಳೆ. ನೇಪಾಳದ ಸಾಂಪ್ರದಾಯಿಕ ಖುಕ್ರಿ, ಫಿನ್ಲೆಂಡಿನ ಪೂಕ್ಕೊ, ಮೋರಾದ ಹೆಚ್ಚಿನ ಮಾದರಿಗಳು ಎಲ್ಲವೂ ಇದೇ ಜಾತಿ. ಮರದ ಹಿಡಿ ಸಡಿಲವಾದರೆ ಬಿಚ್ಚಿ ಹೊಸ ಹಿಡಿ ಹಾಕಬಹುದು. ಮಳೆಗಾಲದಲ್ಲಿ ಒದ್ದೆ ಕೈಗೆ ಮರ ಜಾರುವುದೂ ಕಡಿಮೆ.

ಮುರಿಯುವುದು ಎಲ್ಲಿ? ಅಲಗು ಮುಗಿದು ಬಾಲ ಶುರುವಾಗುವಲ್ಲಿ ಚೂಪು ಮೂಲೆ ಬಿಟ್ಟಿದ್ದರೆ ಅಲ್ಲಿ. ಬಾಲವನ್ನು ಬೇರೆ ಸರಳಿನಿಂದ ಬೆಸುಗೆ ಹಾಕಿದ್ದರೆ ಆ ಬೆಸುಗೆಯಲ್ಲಿ. ಅಗ್ಗದ ಟೊಳ್ಳು ಹಿಡಿಯಾದರೆ, ಅಲಗು ಹಿಡಿಗೆ ಸೇರುವಲ್ಲಿ, ಬಹುತೇಕ ಖಂಡಿತವಾಗಿ. ಟೊಳ್ಳು ಹಿಡಿಯ ಮೋಹಕ್ಕೆ ಕಾರಣ 1982ರ ‘ಫಸ್ಟ್ ಬ್ಲಡ್’. ಸಿಲ್ವೆಸ್ಟರ್ ಸ್ಟಲೋನ್ ಕೈಯಲ್ಲಿದ್ದ ಆ ಚಾಕುವನ್ನು ಮಾಡಿದ್ದು ಅಮೆರಿಕದ ಅರ್ಕಾನ್ಸಾಸಿನ ಜಿಮ್ಮಿ ಲೈಲ್ ಎಂಬ ಪಳಗಿದ ಕುಶಲಕರ್ಮಿ. ಕೆಲವು ನೂರು ರೂಪಾಯಿಗೆ ಬರುವ ನಕಲುಗಳಲ್ಲಿ ಅಲಗು ಒಂದು ಬೋಲ್ಟಿನ ಮೇಲೆ ನಿಂತಿರುತ್ತದೆ. ಬೆನ್ನಿನ ಗರಗಸದ ಮೋಹವೂ ಆ ಸಿನಿಮಾದ ಬಳುವಳಿಯೇ: ಅಷ್ಟು ದಪ್ಪದ ಹಲ್ಲು ಮರದೊಳಗೆ ಸಿಕ್ಕಿ ಕೂರುತ್ತದೆ, ಬೆನ್ನಿಗೆ ಬಡಿಯಲೂ ಬಿಡುವುದಿಲ್ಲ. ಗರಗಸ ಬೇಕಿದ್ದರೆ ಗೆಲ್ಲು ಸವರುವ ಮಡಚುಗರಗಸ ಒಂದನ್ನು ಕೊಳ್ಳುವುದು ಲೇಸು.

“ಸ್ಟೀಲ್ ಆದರೆ ತುಕ್ಕಿಲ್ಲ, ಕಪ್ಪಾದರೆ ಕೆಟ್ಟಿತು”

ವರ್ಷಕ್ಕೆ 4000 ಮಿಲಿಮೀಟರು ಆಸುಪಾಸು ಮಳೆ ಸುರಿಯುವ ಜಿಲ್ಲೆಯಲ್ಲಿ ತುಕ್ಕಿನ ಭಯ ಸಹಜ. ಆದರೆ ‘ಸ್ಟೇನ್‌ಲೆಸ್’ ಎಂಬುದು ವರವೇನಲ್ಲ. ಉಕ್ಕಿನಲ್ಲಿ ಕನಿಷ್ಠ ಶೇ. 10.5ರಷ್ಟು ಕ್ರೋಮಿಯಂ ಇದ್ದರೆ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ಆಕ್ಸೈಡ್ ಪದರ ಕಟ್ಟಿಕೊಂಡು ತುಕ್ಕನ್ನು ತಡೆಯುತ್ತದೆ. ಬೆವರಿನ ಉಪ್ಪು ಆ ಪದರವನ್ನು ಅಲ್ಲಲ್ಲಿ ಕೊರೆಯಬಲ್ಲದು. ಅಲ್ಲದೆ ಉಕ್ಕಿನ ಕಾರ್ಬನ್ ಒಂದಿಷ್ಟು ಕ್ರೋಮಿಯಂ ಅನ್ನು ತನ್ನ ಜೊತೆ ಕಟ್ಟಿಹಾಕಿಕೊಳ್ಳುತ್ತದೆ. ಈಗ ಹೆಚ್ಚು ಮಾರಾಟವಾಗುವ ‘ಡಿ2’ ಉಕ್ಕಿನಲ್ಲಿ ಕ್ರೋಮಿಯಂ ಶೇ. 12ರ ಹತ್ತಿರ ಇದ್ದರೂ ಕಾರ್ಬನ್ ಶೇ. 1.5ರಷ್ಟಿರುವುದರಿಂದ ಆಟಿ ತಿಂಗಳಿನಲ್ಲಿ ಒರೆಸದೆ ಇಟ್ಟರೆ ಚುಕ್ಕೆ ಬೀಳುತ್ತದೆ.

ಇನ್ನು ಕಪ್ಪು. ಸಾದಾ ಕಾರ್ಬನ್ ಉಕ್ಕಿನ ಕತ್ತಿಯಿಂದ ಮಾವಿನಕಾಯಿ ಕೊಯ್ದರೆ, ಬಾಳೆದಿಂಡು ಕಡಿದರೆ ಅಲಗಿನ ಮೇಲೆ ಬೂದು, ನೀಲಿ, ಕಪ್ಪು ಕಲೆಗಳು ಮೂಡುತ್ತವೆ. ಹೊಸಬರು ಅದನ್ನು ತುಕ್ಕೆಂದು ತಿಳಿದು ಮರಳುಕಾಗದ ಹಾಕಿ ಉಜ್ಜುತ್ತಾರೆ. ಅದು ತುಕ್ಕಲ್ಲ. ಕೆಂಪು ತುಕ್ಕು ಪುಡಿಪುಡಿಯಾಗಿ ಉದುರಿ ಒಳಗಿನ ಉಕ್ಕನ್ನು ತಿನ್ನುತ್ತಾ ಹೋಗುತ್ತದೆ. ಈ ಕಪ್ಪು ಪದರ ಅಂಟಿಕೊಂಡಿದ್ದು ತಕ್ಕಮಟ್ಟಿಗೆ ರಕ್ಷಣೆಯನ್ನೇ ಕೊಡುತ್ತದೆ. ಕೆಂಪನ್ನು ತೆಗೆಯಿರಿ, ಕಪ್ಪನ್ನು ಬಿಡಿ. ಕೆಲಸ ಮುಗಿದ ಮೇಲೆ ಒರೆಸಿ ಒಂದು ಹನಿ ತೆಂಗಿನೆಣ್ಣೆ ಸವರಿದರೆ ಸಾಕು. ಅಗಸೆ ಎಣ್ಣೆಯ ಹಾಗೆ ಅದು ಒಣಗಿ ಅಂಟಾಗುವುದಿಲ್ಲ, ಹಲಸಿನ ಮೇಣವನ್ನೂ ಬಿಡಿಸುತ್ತದೆ, ಅದೇ ಚಾಕುವಿನಿಂದ ಹಣ್ಣು ಕೊಯ್ದು ತಿಂದರೆ ತೊಂದರೆಯೂ ಇಲ್ಲ.

ಚಾಕುವಿಗಿಂತ ಹೆಚ್ಚು ಎಚ್ಚರ ಬೇಕಾದದ್ದು ಒರೆಯ ಬಗ್ಗೆ. ಚೆಂದದ ಚರ್ಮದ ಒರೆ ಮಳೆಗಾಲದಲ್ಲಿ ತೇವ ಹೀರಿ ಬೂಷ್ಟು ಹಿಡಿಯುತ್ತದೆ. ಒಳಗಿರುವ ಅಲಗು ರಾತ್ರಿಯಿಡೀ ಆ ತೇವದಲ್ಲೇ ಮಲಗುತ್ತದೆ. ಕೊಕ್ಕೆಯಲ್ಲಿ ತೂಗುವ ಕತ್ತಿಗೆ ಈ ಕಾಟವಿಲ್ಲ, ಗಾಳಿಗೆ ಒಣಗುತ್ತದೆ. ಹಾಗೆಂದು ಬೆನ್ನಿಗೆ ಚೀಲ ಹೊತ್ತು ಜಾರುಬಂಡೆ ಹತ್ತುವವರು ತೆರೆದ ಅಲಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದು ಹುಚ್ಚುತನ. ಅಭ್ಯಾಸವಿರುವವರು ಬಿದ್ದರೂ ಗಾಯವಾಗುತ್ತದೆ. ತಳದಲ್ಲಿ ನೀರು ಇಳಿಯಲು ತೂತಿರುವ ಪ್ಲಾಸ್ಟಿಕ್ ಒರೆ ನೋಡಲು ಬಡವಾದರೂ ಕರಾವಳಿಗೆ ಸರಿ.

“ಲಾರಿ ಸ್ಪ್ರಿಂಗಿನದ್ದಾದರೆ ಕಣ್ಣುಮುಚ್ಚಿ ಕೊಳ್ಳಬಹುದು”

ಇದು ಊರಿನವರ ನಂಬಿಕೆ. ಅರ್ಧ ಸತ್ಯ. ಲಾರಿಯ ಸ್ಪ್ರಿಂಗ್ ಪಟ್ಟಿಯಲ್ಲಿ ಶೇ. 0.5ರಿಂದ 0.6ರಷ್ಟು ಕಾರ್ಬನ್ ಇರುತ್ತದೆ. ಕತ್ತಿಗೆ ಹೇಳಿ ಮಾಡಿಸಿದ ಉಕ್ಕು. ಕಟ್ಟಡಕ್ಕೆ ಬಳಸುವ ಸಾದಾ ಪಟ್ಟಿಯಲ್ಲಿ ಕಾರ್ಬನ್ ತೀರಾ ಕಡಿಮೆ, ಎಷ್ಟು ಕಾಯಿಸಿ ಅದ್ದಿದರೂ ಬಾಯಿ ನಿಲ್ಲುವಷ್ಟು ಗಡುಸಾಗದು. ಆದರೆ ಒಳ್ಳೆಯ ಉಕ್ಕಿನಿಂದ ಕೆಟ್ಟ ಕತ್ತಿ ಮಾಡುವುದು ಸುಲಭ. ವರ್ಷಗಟ್ಟಲೆ ಹೊರೆ ಹೊತ್ತ ಪಟ್ಟಿಯೊಳಗೆ ಕೂದಲೆಳೆಯ ಬಿರುಕು ಇರಬಹುದು, ಅದು ಒಂದು ತೊಂದರೆ. ನಿಜವಾದ ಪರೀಕ್ಷೆ ಹದದ್ದು.

ಉಕ್ಕನ್ನು ಕೆಂಪಗೆ ಕಾಯಿಸಿದಾಗ ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅಯಸ್ಕಾಂತ ಅಂಟುವುದಿಲ್ಲ. ಅದಕ್ಕಿಂತ ಸ್ವಲ್ಪ ಮೇಲೆ ಹೋಗಿ ಎಣ್ಣೆಯಲ್ಲೋ ನೀರಿನಲ್ಲೋ ಅದ್ದಿದರೆ ಅಲಗು ಗಡುಸಾಗುತ್ತದೆ, ಆದರೆ ಆ ಸ್ಥಿತಿಯಲ್ಲಿ ಕಲ್ಲಿಗೆ ತಾಗಿದರೆ ಚೂರಾಗುತ್ತದೆ. ಆದ್ದರಿಂದ ಮತ್ತೆ ಹಗುರಾಗಿ ಕಾಯಿಸಬೇಕು. ಉಜ್ಜಿ ಹೊಳೆಸಿದ ಅಲಗಿನ ಮೇಲೆ ಒಣಹುಲ್ಲಿನ ಹಳದಿ ಬಂದರೆ ಸುಮಾರು 220–230 ಡಿಗ್ರಿ, ನೀಲಿ ಬಂದರೆ 300ರ ಹತ್ತಿರ. ಎಲ್ಲಿ ನಿಲ್ಲಿಸಬೇಕು ಎನ್ನುವುದೇ ಆಚಾರಿಯ ವಿದ್ಯೆ. ಪದವಿನ ಮುರಕಲ್ಲಿಗೆ ದಿನವೂ ತಾಗುವ ಕತ್ತಿಯನ್ನು ಆತ ಬೇಕೆಂದೇ ಸ್ವಲ್ಪ ಮೆತ್ತಗೆ ಬಿಡುತ್ತಾನೆ: ಬಾಯಿ ಮಡಚಿದರೆ ಮಸೆದು ಸರಿಮಾಡಬಹುದು, ಚಕ್ಕೆ ಎದ್ದರೆ ಅಷ್ಟನ್ನೂ ಸವೆಸಬೇಕು. ಗಡಸುತನದ ಅಂಕಿ ಹೆಚ್ಚಿದಷ್ಟೂ ಚಾಕು ಶ್ರೇಷ್ಠ ಎಂದು ಮಾರುವವರು ಮುರಕಲ್ಲು ಕಂಡವರಲ್ಲ.

ಕೊಳ್ಳುವಾಗ ಒಂದು ಸಣ್ಣ ಅರ ಜೊತೆಗಿರಲಿ. ಕೇಳಿಕೊಂಡು, ಹಿಡಿಯ ಹತ್ತಿರ ಬಾಯಿಯ ಮೇಲೆ ಮೆಲ್ಲಗೆ ಎಳೆಯಿರಿ. ಅರ ಬೆಣ್ಣೆಗೆ ಇಳಿದಂತೆ ಇಳಿದರೆ ಹದವೇ ಆಗಿಲ್ಲ. ಪೂರ್ತಿ ಜಾರಿದರೆ ಕಡಿಯುವ ಕತ್ತಿಗೆ ಅತಿ ಗಡುಸು, ಸಣ್ಣ ಚಾಕುವಿಗಾದರೆ ಸರಿ. ಕಷ್ಟಪಟ್ಟು ಸ್ವಲ್ಪ ಹಿಡಿದರೆ ಕತ್ತಿ ತೆಗೆದುಕೊಳ್ಳಿ.

ಹೀಗೆ ಪಡೆದ ಹದವನ್ನು ಹಾಳುಮಾಡುವುದು ಗ್ರೈಂಡರ್. ಹರಿತ ಬೇಗ ಬರುತ್ತದೆಂದು ವೆಲ್ಡಿಂಗ್ ಅಂಗಡಿಯಲ್ಲಿ ಚಕ್ರಕ್ಕೆ ಒಡ್ಡುತ್ತಾರೆ, ಕಿಡಿ ಹಾರುತ್ತದೆ, ಬಾಯಿ ನೀಲಿಯಾಗುತ್ತದೆ. ಅಷ್ಟು ಭಾಗ ಮೆತ್ತಗಾಯಿತು ಎಂದೇ ಅರ್ಥ. ಆಮೇಲೆ “ಮೊದಲಿನ ಹಾಗೆ ಬಾಯಿ ನಿಲ್ಲುವುದಿಲ್ಲ” ಎಂದು ದೂರು ಆಚಾರಿಯ ಮೇಲೆ. ನೀರು ಹಾಕಿದ ಕಲ್ಲಿನಲ್ಲಿ ಕೈಯಿಂದ ಮಸೆಯುವುದಕ್ಕೆ ಬದಲಿ ಇಲ್ಲ.

ಅಲೆಅಲೆಯ ವಿನ್ಯಾಸದ ‘ಡಮಾಸ್ಕಸ್’ ಚಾಕುಗಳದ್ದೂ ಸ್ಪ್ರಿಂಗಿನಂಥದೇ ಅರ್ಧ ಸತ್ಯ. ಮೈಸೂರು ಸೀಮೆಯೂ ಸೇರಿ ದಕ್ಷಿಣ ಭಾರತದಲ್ಲಿ ಮೂಸೆಯಲ್ಲಿ ಕರಗಿಸಿ ಮಾಡುತ್ತಿದ್ದ ಉಕ್ಕಿಗೆ ಜಗತ್ತಿನಲ್ಲಿ ಹೆಸರಿತ್ತು. 1800–01ರಲ್ಲಿ ಇಲ್ಲೆಲ್ಲ ಓಡಾಡಿದ ಫ್ರಾನ್ಸಿಸ್ ಬುಕನನ್ ಆ ಕುಲುಮೆಗಳನ್ನು ಬಣ್ಣಿಸಿದ್ದಾನೆ. ಈಗ ಡಮಾಸ್ಕಸ್ ಹೆಸರಿನಲ್ಲಿ ಮಾರುವುದು ಬಹುಪಾಲು ಎರಡು ಬಗೆಯ ಉಕ್ಕನ್ನು ಪದರಪದರವಾಗಿ ಬೆಸೆದು ಆಮ್ಲದಲ್ಲಿ ಅದ್ದಿ ಗೆರೆ ಎಬ್ಬಿಸಿದ್ದು. ಚೆಂದ ಇದೆ. ಬಲಕ್ಕೂ ಗೆರೆಗೂ ಸಂಬಂಧವಿಲ್ಲ.

ಹರಿತವಾದದ್ದು ಅಪಾಯ, ಮಕ್ಕಳ ಕೈಗೆ ಮೊಂಡು ಚಾಕು ಕೊಡಿ ಎನ್ನುವವರಿದ್ದಾರೆ. ಮೊಂಡು ಅಲಗಿಗೆ ಬಲ ಹಾಕಬೇಕು, ಬಲ ಹಾಕಿದ್ದು ಜಾರುತ್ತದೆ, ಜಾರಿದ್ದು ಎಡಗೈಯ ಮೇಲೆ ಬರುತ್ತದೆ. ಇಷ್ಟೇ.

“9 ಇಂಚಿನೊಳಗೆ ಇದ್ದರೆ ಕಾನೂನಿನ ತೊಂದರೆ ಇಲ್ಲ”

ಎಲ್ಲಕ್ಕಿಂತ ದುಬಾರಿಯಾಗಬಹುದಾದ ತಪ್ಪು ಕಲ್ಪನೆ ಇದು. 9 ಇಂಚಿನ ಲೆಕ್ಕ ಬಂದದ್ದು ಶಸ್ತ್ರಾಸ್ತ್ರ ನಿಯಮಗಳಿಂದ. 2016ರ ನಿಯಮಗಳ ಅನುಸೂಚಿಯಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳನ್ನು ಹರಿತವಾದ ಆಯುಧಗಳ ಸಾಲಿಗೆ ಸೇರಿಸಿ, ಮನೆ, ಕೃಷಿ, ವಿಜ್ಞಾನ, ಕೈಗಾರಿಕೆಯ ಕೆಲಸಕ್ಕೆಂದು ಮಾಡಿದವನ್ನು ಹೊರಗಿಟ್ಟಿದ್ದಾರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯೂ ಕೇವಲ ಮನೆ ಅಥವಾ ಕೃಷಿ ಬಳಕೆಗೆಂದು ಮಾಡಿದ್ದನ್ನು ಆಯುಧವೆನ್ನುವುದಿಲ್ಲ. ತೋಟದ ಕತ್ತಿಗೆ ಲೈಸೆನ್ಸ್ ಬೇಡವಾದದ್ದು ಹೀಗೆ. ಆದರೆ ಅದೇ ಕತ್ತಿಯನ್ನು ಹಿಡಿದು ರಾತ್ರಿ ಪೇಟೆಯಲ್ಲಿ ನಿಂತರೆ ಯಾವ ತೋಟದ ಕೆಲಸ ಎಂದು ಪೊಲೀಸರು ಕೇಳಿಯೇ ಕೇಳುತ್ತಾರೆ. ಜಿಲ್ಲೆಯಲ್ಲಿ ನಿಷೇಧಾಜ್ಞೆ ಇರುವ ದಿನಗಳಲ್ಲಂತೂ ಆದೇಶದಲ್ಲಿ ಏನಿದೆ ಎಂದು ನೋಡಿಕೊಂಡೇ ಹೊರಡಬೇಕು.

ಕಾಡಿನ ಗೇಟು ದಾಟಿದ ಮೇಲೆ ಇಂಚಿನ ಲೆಕ್ಕವೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆಯುಧ ಎಂಬುದರ ಅರ್ಥ ಹೇಳುವಾಗ ಬಂದೂಕು, ಬಿಲ್ಲುಬಾಣ, ಬಲೆ, ಉರುಳುಗಳ ಜೊತೆಗೆ ಚಾಕುವನ್ನೂ ಹೆಸರಿಸಿದೆ, ಅಳತೆ ಹೇಳಿಲ್ಲ. ಅದರ 31ನೇ ಕಲಂ ಪ್ರಕಾರ ಮುಖ್ಯ ವನ್ಯಜೀವಿ ಪಾಲಕರ ಅಥವಾ ಅಧಿಕೃತ ಅಧಿಕಾರಿಯ ಲಿಖಿತ ಅನುಮತಿಯಿಲ್ಲದೆ ಆಯುಧದೊಂದಿಗೆ ಅಭಯಾರಣ್ಯ ಪ್ರವೇಶಿಸುವಂತಿಲ್ಲ. 35ನೇ ಕಲಂ ಈ ನಿಯಮವನ್ನು ರಾಷ್ಟ್ರೀಯ ಉದ್ಯಾನಗಳಿಗೂ ಹಾಕಿದೆ. ವಾಮದಪದವಿನ ಹುಡುಗರು ಹೋಗಲು ಬಯಸುವ ಜಾಗಗಳಾದರೂ ಯಾವುವು? ಕುದುರೆಮುಖ 1987ರಿಂದ ರಾಷ್ಟ್ರೀಯ ಉದ್ಯಾನ, ಸುಮಾರು 600 ಚದರ ಕಿಲೋಮೀಟರು. ಟಿಪ್ಪುವಿನ ಜಮಾಲಾಬಾದ್ ಕೋಟೆಯಿರುವ ಗಡಾಯಿಕಲ್ಲಿಗೆ ಟಿಕೆಟ್ ಕೊಡುವುದೂ ವನ್ಯಜೀವಿ ವಿಭಾಗದವರೇ. ಅಲ್ಲಿ ಒಲೆ ಹೂಡಿ ಉರಿಹಾಕುವ ಹಾಗೂ ಇಲ್ಲ, ಹಸಿ ಗೆಲ್ಲು ಕಡಿಯುವ ಹಾಗೂ ಇಲ್ಲ. ಕೊರಡು ಸೀಳುವ 6 ಮಿಲಿಮೀಟರಿನ ಚಾಕುವಿಗೆ ಆ ಗುಡ್ಡದ ಮೇಲೆ ಮಾಡಲು ಕೆಲಸವೇ ಇಲ್ಲ.

ಕತ್ತಿಯ ಕೆಲಸ ಕಲಿಯುವ ಆಸೆಯಿದ್ದರೆ ಸ್ವಂತ ತೋಟದ ಅಂಚು, ಹಿತ್ತಿಲ ಬಿದಿರುಮೆಳೆ ಸಾಕು. ಕಲಿಸುವವರೂ ಅಲ್ಲೇ ಸಿಗುತ್ತಾರೆ. ಚಾರಣಕ್ಕೆ ಹೋಗುವ ದಿನ ಹಗ್ಗ ಕತ್ತರಿಸಲು, ಕಿತ್ತಳೆ ಸುಲಿಯಲು ಏನಾದರೂ ಬೇಕೆನಿಸಿದರೆ ಅದನ್ನು ಚೀಲದ ತಳದಲ್ಲಿ ಬಚ್ಚಿಡಬೇಡಿ. ಗೇಟಿನಲ್ಲಿ ತೋರಿಸಿ ಕೇಳಿ. ಬೇಡ ಎಂದರೆ ವಾಹನದಲ್ಲೇ ಬಿಟ್ಟು ಹತ್ತಿ.