ಕೊಬ್ಬರಿ ಧಾರಣೆ: ಎಷ್ಟು ಗೊತ್ತಾದರೆ ಸಾಕು?

ತಿಪಟೂರು ಮಾರುಕಟ್ಟೆಯ ಕೊಬ್ಬರಿ ಧಾರಣೆಯಲ್ಲಿ ಮೂರು ಅಂಕಿ ಇರುತ್ತವೆ: ಕನಿಷ್ಠ, ಗರಿಷ್ಠ, ಮಾದರಿ. ಮಾದರಿ ಎಂದರೆ ಹೆಚ್ಚು ಮಾಲು ಹೋದ ದರ. ಆದರೆ ಬಾಯಿಂದ ಬಾಯಿಗೆ ಹಾದು ಯಗಟಿಗೆ ಬರುವಷ್ಟರಲ್ಲಿ ಮೂರೂ ಉಳಿದಿರುವುದಿಲ್ಲ. "ಸರಾಸರಿ ಹದಿಮೂರು ಸಾವಿರ ಕಣ್ರೀ, ಮೇಲೆ ಕೆಳಗೆ ಎರಡೂವರೆ ಸಾವಿರ ವ್ಯತ್ಯಾಸ", ಅಷ್ಟೇ. ಇಷ್ಟು ನಂಬಿ ಲಾರಿಗೆ ಚೀಲ ಹೇರಬಹುದೇ?

ಗರಿಷ್ಠದಲ್ಲಿ ಕನಿಷ್ಠ ಕಳೆದರೆ ಸಿಗುವ ಈ ವ್ಯತ್ಯಾಸಕ್ಕೆ ಲೆಕ್ಕದ ಪುಸ್ತಕದಲ್ಲಿ 'ವ್ಯಾಪ್ತಿ' ಎನ್ನುತ್ತಾರೆ. ಸ್ಪರ್ಧಾ ಪರೀಕ್ಷೆಗಳಲ್ಲಿ ಇದರ ಮೇಲೆ ಒಂದು ವಿಚಿತ್ರ ಪ್ರಶ್ನೆ ಬರುತ್ತದೆ. ಉತ್ತರ ಕಂಡುಹಿಡಿಯುವುದು ಬೇಡ, ಕೊಟ್ಟ ಮಾಹಿತಿ ಉತ್ತರಕ್ಕೆ ಸಾಕೋ ಸಾಲದೋ ಹೇಳಿದರೆ ಆಯಿತು. ನನ್ನ ಮಟ್ಟಿಗೆ ಇದು ಹುಡುಗರಿಗಿಂತ ಮಾಲು ಮಾರುವವರಿಗೇ ಹೆಚ್ಚು ಬೇಕಾದ್ದು.

2025ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕೇಂದ್ರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಾಲಿಗೆ ರೂ. 12,100. ಪೇಟೆಯಲ್ಲಿ ಯಾವುದಾದರೂ ಲಾಟು ಇದಕ್ಕಿಂತ ಕೆಳಗೆ ಹೋಯಿತೇ? ಇದು ನಮ್ಮ ಪ್ರಶ್ನೆ. (ಮುಂದಿನ ದರಗಳು ಲೆಕ್ಕಕ್ಕೆಂದು ನಾನು ಹಾಕಿಕೊಂಡವು, ಪೇಟೆಯವಲ್ಲ.)

ಸರಾಸರಿ 13,000, ವ್ಯಾಪ್ತಿ 2,500. ಸಾಕೇ? ಸಾಲದು. ದರ 11,000ದಿಂದ 13,500 ಇದ್ದಿರಬಹುದು, 12,500ರಿಂದ 15,000 ಇದ್ದಿರಲೂಬಹುದು. ಎರಡರಲ್ಲೂ ಸರಾಸರಿ 13,000 ಬರಲು ಸಾಧ್ಯ. ಮೊದಲನೆಯದರಲ್ಲಿ ಉತ್ತರ 'ಹೌದು', ಎರಡನೆಯದರಲ್ಲಿ 'ಇಲ್ಲ'.

ಗರಿಷ್ಠ 14,000, ವ್ಯಾಪ್ತಿ 2,500 ಎಂದರೆ? ಬಿಡಿಯಾಗಿ ಎರಡೂ ಸಾಲವು. ಜೋಡಿಸಿದರೆ ಕನಿಷ್ಠ 11,500 ಎಂದು ಖಚಿತ. ಕೆಳಗೆ ಹೋಗಿದೆ.

ನನಗೆ ಖುಷಿ ಕೊಟ್ಟದ್ದು ಮೂರನೆಯದು. ವ್ಯಾಪ್ತಿ ಅದೇ 2,500, ಸರಾಸರಿ ಮಾತ್ರ 15,000. ಕನಿಷ್ಠ ಎಷ್ಟೆಂದು ಈಗಲೂ ಗೊತ್ತಿಲ್ಲ. ಆದರೂ ಮಾಹಿತಿ ಸಾಕು! ಗರಿಷ್ಠ ಯಾವತ್ತೂ ಸರಾಸರಿಗಿಂತ ಕೆಳಗಿರದು. ಹಾಗಾಗಿ ಕನಿಷ್ಠ 12,500ಕ್ಕಿಂತ ಇಳಿಯಲಾರದು. ಸರಾಸರಿ ಬದಲು ಮಾದರಿ ದರ ಹೇಳಿದರೂ ಇದೇ ಲೆಕ್ಕ ನಡೆಯುತ್ತದೆ, ಅದೂ ಕನಿಷ್ಠ ಗರಿಷ್ಠಗಳ ನಡುವೆಯೇ ಇರುವಂಥದ್ದು.

ವ್ಯಾಪ್ತಿಗೆ ಒಂದು ಕೆಟ್ಟ ಗುಣವುಂಟು. ನಡುವಿನ ದರಕ್ಕೆ ಇನ್ನೂ ನೂರು ಲಾಟು ಬಂದರೂ ಅದು ಅಲುಗದು. ಸರಿಯಾಗಿ ಒಣಗದ ಒಂದೇ ಲಾಟು ಪಾತಾಳಕ್ಕೆ ಹೋದರೆ ಮಾತ್ರ ಎಳೆದು ಹಿಗ್ಗುತ್ತದೆ. ಅದಕ್ಕೇ ನಾನು ಫೋನಿನಲ್ಲಿ ವ್ಯತ್ಯಾಸ ಕೇಳುವುದಿಲ್ಲ. ಕನಿಷ್ಠ ಎಷ್ಟು, ಆ ದರಕ್ಕೆ ಹೋದದ್ದು ಎಷ್ಟು ಚೀಲ ಎಂದು ಕೇಳುತ್ತೇನೆ.