ಕಪಾಟಿನಲ್ಲಿ ಕಾದಿದ್ದ ಕಾಗದಗಳು

1970ರ ದಶಕದಲ್ಲಿ ಆಸ್ಟ್ರಿಯಾದ ವಿದ್ವಾಂಸ ಯೋಹಾನೆಸ್ ದಿವ್ಯಾಕ್ ಅವರ ಪಾಲಿಗೆ ಬಂದದ್ದು ಬೇಸರದ ಕೆಲಸ: ಫ್ರಾನ್ಸಿನ ಗ್ರಂಥಾಲಯಗಳಲ್ಲಿರುವ ಸಂತ ಅಗಸ್ಟೀನರ ಹಸ್ತಪ್ರತಿಗಳನ್ನು ನೋಡಿ ಪಟ್ಟಿ ಮಾಡುವುದು. ಉತ್ತರ ಆಫ್ರಿಕಾದ ಹಿಪ್ಪೋ ಪಟ್ಟಣದ ಈ ಬಿಷಪ್ (354–430) ಬರೆದದ್ದನ್ನು ಯುರೋಪು ಸಾವಿರದೈನೂರು ವರ್ಷಗಳಿಂದ ಓದುತ್ತಲೇ ಇತ್ತು. ಇನ್ನು ಹೊಸದೇನು ಸಿಕ್ಕೀತು?

ಮಾರ್ಸೇ ನಗರದ ಗ್ರಂಥಾಲಯದಲ್ಲಿ 15ನೇ ಶತಮಾನದ ಒಂದು ಪ್ರತಿ ಇತ್ತು. ಪ್ರತಿಯ ಪ್ರತಿ, ಅದರ ಪ್ರತಿ ಎಂದು ಇಂಥ ತಡವಾದ ನಕಲುಗಳನ್ನು ಪಂಡಿತರು ಅಷ್ಟಾಗಿ ಲೆಕ್ಕಕ್ಕೆ ಇಟ್ಟುಕೊಳ್ಳುತ್ತಿರಲಿಲ್ಲ. ದಿವ್ಯಾಕ್ ಅದರಲ್ಲಿದ್ದ ಪತ್ರಗಳನ್ನು ಅಚ್ಚಾದ ಪತ್ರಗಳೊಂದಿಗೆ ತಾಳೆ ನೋಡಿದರು. ಕೆಲವು ಎಲ್ಲಿಯೂ ತಾಳೆಯಾಗಲಿಲ್ಲ. ಪ್ಯಾರಿಸ್‌ನ ಇನ್ನೊಂದು ಪ್ರತಿಯಲ್ಲೂ ಅವೇ ಇದ್ದವು. 1981ರಲ್ಲಿ 29 ಪತ್ರಗಳು ಅಚ್ಚಾದವು. ಬೇರೆಯವರ ಕೆಲವು ಬಿಟ್ಟರೆ ಉಳಿದವೆಲ್ಲ ಅಗಸ್ಟೀನರವೇ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂತಾಗಿತ್ತು.

ಅವುಗಳಲ್ಲಿ ಮೈ ನಡುಗಿಸುವುದು ಹತ್ತನೆಯದು. ಇಟಲಿಯಲ್ಲಿದ್ದ ಗೆಳೆಯ ಅಲಿಪಿಯಸ್‌ಗೆ ಮುದಿ ಬಿಷಪ್ ಹೇಳಿಕೊಂಡ ಸಂಕಟ ಅದು. ಗುಲಾಮರ ವ್ಯಾಪಾರಿಗಳು ಆಫ್ರಿಕಾದ ಹಳ್ಳಿಗಳಿಗೆ ನುಗ್ಗಿ ಸ್ವತಂತ್ರರಾಗಿ ಹುಟ್ಟಿದವರನ್ನೇ ಹೊತ್ತೊಯ್ಯುತ್ತಿದ್ದರು. ಕಟ್ಟಿಗೆ ಕೊಳ್ಳುವ ನೆಪದಲ್ಲಿ ಗುಡ್ಡದ ಹೆಂಗಸರನ್ನು ಕರೆದು, ಕೂಡಿಹಾಕಿ ಮಾರಿದವಳು ಹಿಪ್ಪೋದ ಒಬ್ಬ ಹೆಂಗಸೇ. ಅಗಸ್ಟೀನರು ಊರಲ್ಲಿಲ್ಲದಾಗ ಅವರ ಸಭೆಯ ಜನ ಸುಮಾರು 120 ಮಂದಿಯನ್ನು ಬಿಡಿಸಿದರು. ಅವರಲ್ಲಿ ಹೆತ್ತವರೇ ಮಾರಿದ್ದವರು ಐದಾರು ಮಂದಿ ಇದ್ದರೆ ಹೆಚ್ಚು. ವ್ಯಾಪಾರಿಗಳ ಬೆನ್ನಿಗಿದ್ದ ದೊಡ್ಡವರು ಬಿಡುಗಡೆಯಾದವರನ್ನು ಮತ್ತೆ ಕೇಳಿಕೊಂಡು ಬಂದರು.

ಇಂಥ ವ್ಯಾಪಾರಿಗಳಿಗೆ ಸೀಸ ಕಟ್ಟಿದ ಚಾವಟಿಯ ಏಟು ಎಂದು ರೋಮನ್ ಚಕ್ರವರ್ತಿಯ ಕಾನೂನಿತ್ತು. ಆ ಏಟಿಗೆ ಜೀವ ಹೋಗಬಹುದೆಂದು ಅಗಸ್ಟೀನರು ಅಳುಕಿದರು. ಸೆರೆಯಾದವರು ಬಿಡುಗಡೆಯಾಗಬೇಕು, ಸೆರೆಹಿಡಿದವರೂ ಸಾಯಬಾರದು ಎಂಬುದು ಅವರ ನಿಲುವು. ಮನುಷ್ಯ ಹುಟ್ಟಿನಿಂದಲೇ ಪಾಪದ ಹೊರೆ ಹೊತ್ತವನು ಎಂದು ವಾದಿಸಿದ ದೇವಶಾಸ್ತ್ರಜ್ಞರ ಈ ಮುಖ ಅವರ ದೊಡ್ಡ ಗ್ರಂಥಗಳಲ್ಲಿ ಹೀಗೆ ಎದುರಿಗೆ ಬಂದು ನಿಲ್ಲುವುದಿಲ್ಲ.

1990ರಲ್ಲಿ ಇನ್ನೊಬ್ಬ ವಿದ್ವಾಂಸ ಫ್ರಾನ್ಸುವಾ ದೊಲ್ಬೋ ಅವರಿಗೆ ಜರ್ಮನಿಯ ಮೈನ್ಸ್ ನಗರದ ಗ್ರಂಥಾಲಯದಲ್ಲಿ ಇಂಥದ್ದೇ ತಡವಾದ ಒಂದು ಪ್ರತಿ ಸಿಕ್ಕಿತು. ಅದರಲ್ಲಿ ಅಗಸ್ಟೀನರ 26 ಪ್ರವಚನಗಳು. ಕೆಲವು ಪೂರ್ತಿ ಹೊಸವು, ಕೆಲವು ತುಣುಕುಗಳಲ್ಲಷ್ಟೇ ಗೊತ್ತಿದ್ದವು.

ಅಗಸ್ಟೀನರ ಹೆಸರಾಂತ ಜೀವನಚರಿತ್ರೆಯನ್ನು ಇತಿಹಾಸಕಾರ ಪೀಟರ್ ಬ್ರೌನ್ 1967ರಲ್ಲೇ ಬರೆದಿದ್ದರು. ಈ ಪತ್ರ, ಪ್ರವಚನಗಳನ್ನು ಓದಿದ ಮೇಲೆ 2000ದ ಆವೃತ್ತಿಗೆ ಅವರು ಎರಡು ಅಧ್ಯಾಯ ಸೇರಿಸಿ, ಮುದಿ ಬಿಷಪ್ಪರನ್ನು ತೀರಾ ಕಠೋರರಾಗಿ ಚಿತ್ರಿಸಿದ್ದ ತಮ್ಮ ಬರಹವನ್ನು ತಾವೇ ತಿದ್ದಿಕೊಂಡರು.