ನಿಮಗಿದು ಗೊತ್ತೆ?: ಜಿನ್ ಬ್ರ್ಯಾಂಡ್‌ಗಳ ಮಹಾಪೂರ

ಬ್ರಿಟನ್ನಿನ ಮದ್ಯದಂಗಡಿಗಳಲ್ಲಿ ಇಂದು ಯಾವ ಜಿನ್ ಆರಿಸುವುದೆಂದು ಗ್ರಾಹಕರು ತಬ್ಬಿಬ್ಬಾಗುವಷ್ಟು ಬ್ರ್ಯಾಂಡ್‌ಗಳಿವೆ. ಹಿಂದೆ ಅಲ್ಲಿ 1,800 ಲೀಟರ್‌ಗಿಂತ ಚಿಕ್ಕ ಭಟ್ಟಿಗೆ ಪರವಾನಗಿ ಸಿಗುವುದೇ ದುಸ್ತರವಾಗಿತ್ತು. ಲಂಡನ್ನಿನ ಸಿಪ್‌ಸ್ಮಿತ್ ಸಂಸ್ಥೆ ಪಟ್ಟು ಹಿಡಿದು ಅನುಮತಿ ಪಡೆದು, 2009ರಲ್ಲಿ ಪುಟ್ಟ ತಾಮ್ರದ ಭಟ್ಟಿ ಹೂಡಿತು. ಆ ಬಳಿಕ ಸಣ್ಣ ತಯಾರಕರಿಗೆ ದಾರಿ ಸುಗಮವಾಯಿತು.

ಬ್ರ್ಯಾಂಡ್‌ಗಳು ಹೀಗೆ ಹೆಚ್ಚಲು ಇನ್ನೊಂದು ಕಾರಣವೂ ಇದೆ. ಸ್ಕಾಚ್ ವಿಸ್ಕಿ ಓಕ್ ಮರದ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಮಾಗಲೇಬೇಕು. ಜಿನ್‌ಗೆ ಆ ಕಟ್ಟುಪಾಡಿಲ್ಲ. ಭಟ್ಟಿ ಇಳಿಸಿದ ಕೆಲವೇ ವಾರಗಳಲ್ಲಿ ಮಾರಾಟಕ್ಕಿಡಬಹುದು. ಹಾಗಾಗಿ ಹೊಸ ಉದ್ಯಮಿಗಳಿಗೆ ಬಂಡವಾಳ ಬೇಗ ಕೈಸೇರುತ್ತದೆ.

ಬ್ರ್ಯಾಂಡ್ ಯಾವುದೇ ಇರಲಿ, ಜಿನ್‌ಗೆ ಕೊತ್ತಂಬರಿ ಬೀಜ, ನಿಂಬೆ ಸಿಪ್ಪೆ, ಏಲಕ್ಕಿ ಏನೇ ಬೆರೆಸಿದರೂ ಜುನಿಪರ್ ಕಾಯಿಯ ರುಚಿಯೇ ಎದ್ದು ಕಾಣಬೇಕು. ಐರೋಪ್ಯ ಒಕ್ಕೂಟದ ನಿಯಮದಂತೆ ಜಿನ್‌ನಲ್ಲಿ ಆಲ್ಕೋಹಾಲ್ ಪ್ರಮಾಣ ಕನಿಷ್ಠ ಶೇ 37.5 ಇರಬೇಕು.